ಅರ್ಜಿ ಲಾಡಲೇಸಾಬನ ಹದಿನೇಳು ಪ್ರತಿಗಳು

ತಿಕೋಟಾದ ಲಾಡಲೇಸಾಬ ಇಪ್ಪತ್ತಾರು ವರ್ಷ ಅರ್ಜಿ ಬರೆದೇ ಹೊಟ್ಟೆ ಹೊರೆದವನು. ಈಗ ವಿಜಯಪುರ ಎನ್ನುವ ಊರು ಆಗ ಎಲ್ಲರ ಬಾಯಲ್ಲೂ ಬಿಜಾಪುರ. ದಿನಾ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬಿಜಾಪುರಕ್ಕೆ ಬಂದು, ಕಲೆಕ್ಟರ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿ ಕೂತನೆಂದರೆ ಕಚೇರಿ ಬಾಗಿಲು ಹಾಕುವ ತನಕ ಏಳುತ್ತಿರಲಿಲ್ಲ. ಬದು ಒತ್ತಿದ ಜಗಳ, ಬಾವಿಯ ಪಾಲು, ಸಾಲಿ ಮಾಸ್ತರನ ವರ್ಗಾವಣೆ, ಏನೇ ಇರಲಿ, ಅವನದು ಒಂದೇ ಧಾಟಿ. "ಸನ್ನಿಧಾನದ ಪಾದಾರವಿಂದಗಳಲ್ಲಿ ಅರ್ಜಿದಾರನು ಅತ್ಯಂತ ವಿನಮ್ರನಾಗಿ ಬಿನ್ನವಿಸಿಕೊಳ್ಳುವುದೇನೆಂದರೆ" ಎಂದು ಶುರುವಾದ ವಾಕ್ಯ ಪುಟದ ಕೆಳಗಿನ ಅಂಚು ಮುಟ್ಟಿದ ಮೇಲೆಯೇ ಉಸಿರು ಬಿಡುತ್ತಿತ್ತು. ಓದುವವನ ಉಸಿರು ಅಷ್ಟರೊಳಗೆ ಹೋದರೆ ಅದು ಲಾಡಲೇಸಾಬನ ತಪ್ಪಲ್ಲ.

ಆದರೆ ಅವನ ಅರ್ಜಿಯ ನಿಜವಾದ ಬಲ ಇದ್ದದ್ದು ಕೊನೆಯಲ್ಲಿ. ತಾಲೂಕಿನ ಮಾಮಲೇದಾರನಿಗೆ ಬರೆದ ಅರ್ಜಿಯಾದರೂ ಕೆಳಗೆ ಗೆರೆ ಎಳೆದು "ಪ್ರತಿಗಳು" ಎಂದು ಬರೆದು, ಪ್ರಾಂತ ಸಾಹೇಬ, ಕಲೆಕ್ಟರ, ಕಮಿಷನರ, ಮಂತ್ರಿ, ಮುಖ್ಯಮಂತ್ರಿ ಎಂದು ಏಣಿ ಹತ್ತಿದ ಹಾಗೆ ಹತ್ತಿಬಿಡುತ್ತಿದ್ದ. ಮೇಲಿನವರ ಹೆಸರು ಕಂಡದ್ದೇ ತಡ, ಮಾಮಲೇದಾರ ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಿದ್ದ. ವರ್ಷಗಟ್ಟಲೆ ಎಳೆದಾಡಿದ ಬದುವಿನ ಜಗಳ ಎಂಟು ದಿನದಲ್ಲಿ ಬಗೆಹರಿಯುತ್ತಿತ್ತು. ಹೀಗಾಗಿ ಜನ ಅವನನ್ನು ಅರ್ಜಿ ಲಾಡಲೇಸಾಬ ಎಂದೇ ಕರೆಯುತ್ತಿದ್ದರು, ಅವನೂ ಆ ಹೆಸರಿಗೆ ಹಿಗ್ಗುತ್ತಿದ್ದ. ಪ್ರತಿಗಳು ಹೆಚ್ಚಾದಷ್ಟೂ ಅರ್ಜಿಗೆ ಬಲ ಹೆಚ್ಚು ಎಂದು ಅವನು ಖಂಡಿತವಾಗಿ ನಂಬಿದ್ದ.

ಎಪ್ಪತ್ತೊಂದನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಸೊಲ್ಲಾಪುರ ರಸ್ತೆಯಲ್ಲಿ ಒಂದು ಶಾಂತಿ ಸಮಿತಿ ಹುಟ್ಟಿತು. ಪಾಕಿಸ್ತಾನದ ಜೊತೆ ಯುದ್ಧ ಇವತ್ತೋ ನಾಳೆಯೋ ಎನ್ನುವಂತಿದ್ದ ದಿನಗಳು. ನಿವೃತ್ತರಾದ ಹೈಸ್ಕೂಲು ಮಾಸ್ತರರೊಬ್ಬರು ಅಧ್ಯಕ್ಷರು, ಕಾಸಿಮಸಾಬನ ಸೈಕಲ್ ಅಂಗಡಿಯ ಮಾಳಿಗೆಯೇ ಕಚೇರಿ. ಠರಾವು ಬರೆಯಲು ಚೆಂದದ ಅಕ್ಷರದವರು ಬೇಕೆಂದು ಮಾಸ್ತರರು ಲಾಡಲೇಸಾಬನನ್ನು ಕರೆದೊಯ್ದರು. ಮೊದಲ ಸಭೆಗೆ ಹದಿನಾಲ್ಕು ಮಂದಿ. ಯುದ್ಧ ಬೇಡ ಎಂದು ಎಲ್ಲರೂ ಕೈ ಎತ್ತಿದರು. ಹಿಂದೆ ಕೂತಿದ್ದ ಒಬ್ಬ ವಕೀಲ ಮಾತ್ರ, "ಪೂರ್ವ ಪಾಕಿಸ್ತಾನದಿಂದ ಲಕ್ಷಗಟ್ಟಲೆ ಮಂದಿ ಜೀವಾ ಉಳಿಸ್ಕೊಂಡ ಓಡಿ ಬರಾಕತ್ತಾರಲ್ರಿ ಮಾಸ್ತರ್ರ, ಅವ್ರಿಗೇನ ಹೇಳೂಣು?" ಎಂದು ಕೇಳಿದ. ಮಾಸ್ತರರು ಕನ್ನಡಕ ಒರೆಸಿದರು. ಠರಾವು ಮಾತ್ರ ಪಾಸಾಯಿತು.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು, ಹದಿನಾಲ್ಕು ಮಂದಿ ಮೂವರಾದರು. ಹದಿನೈದು ದಿನದೊಳಗೆ ಗೆದ್ದೂ ಆಯಿತು. ಊರ ತುಂಬ ಪೇಢೆ ಹಂಚಿದರು, ಲಾಡಲೇಸಾಬನೂ ತಿಂದ. ಗೆದ್ದ ಮೇಲೆ ಯುದ್ಧ ಬೇಡ ಎನ್ನುವ ಸಮಿತಿಗೆ ಕೆಲಸವೇನು? ಮದುವೆ ಮುಗಿದ ಮೇಲೆ ಹೆಣ್ಣು ನೋಡಲು ಬಂದವರ ಹಾಗಾಯಿತು ಅವರ ಅವಸ್ಥೆ.

ಇನ್ನೇನು ಮಾಳಿಗೆಗೆ ಬೀಗ ಬೀಳಬೇಕು, ಅಷ್ಟರಲ್ಲಿ ಬೋರವ್ವ ಬಂದಳು.

ಬೋರವ್ವ ಘೋಣಸಗಿಯ ಕುರಿಗಾರರ ಹೆಣ್ಣುಮಗಳು. ಗಂಡ ತೀರಿ ಹತ್ತು ವರ್ಷ. ನೂರೈವತ್ತು ಕುರಿಯ ಹಿಂಡನ್ನು ಮೈದುನರ ಹಿಂಡುಗಳ ಜೊತೆ ತಾನೇ ಕಾಯ್ದುಕೊಂಡು ಬಂದವಳು. ಒಬ್ಬನೇ ಮಗ ಅಮೋಘಿ ಕುರಿ ಕಾಯುವುದು ಬಿಟ್ಟು ಬೆಳಗಾವಿಗೆ ಹೋಗಿ ಸಿಪಾಯಿಯಾಗಿ ದಂಡಿಗೆ ಸೇರಿದ್ದ. ಯುದ್ಧ ಮುಗಿದರೂ ಅವನ ಸುದ್ದಿ ಇರಲಿಲ್ಲ. ಜನವರಿಯಲ್ಲಿ ರೆಡ್ ಕ್ರಾಸಿನ ಗುರುತಿದ್ದ ಒಂದು ಕಾರ್ಡು ಬಂತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಲಾಡಲೇಸಾಬನ ಮೇಜಿನ ಮೇಲಿಟ್ಟಳು.

"ಯಣ್ಣಾ, ಇದರಾಗ ಏನೈತಿ ಓದಿ ಹೇಳು. ಊರಾಗ ಇಬ್ಬರ ಕಡೆ ಓದಿಸೇನಿ. ಒಬ್ಬಂವ ಒಂದ ಹೇಳ್ತಾನ, ಮತ್ತೊಬ್ಬಂವ ಮತ್ತೊಂದ ಹೇಳ್ತಾನ."

ಹಿಂದಿಯಲ್ಲಿ ಎರಡು ಸಾಲು ಇತ್ತು. ಲಾಡಲೇಸಾಬ ಓದಿದ. "ಆರಾಮ ಅದೇನಿ, ಚಿಂತಿ ಮಾಡಬ್ಯಾಡ ಅಂತ ಬರದಾನ. ಆದ್ರ ಪಾಕಿಸ್ತಾನದಾಗ ಸೆರೆಯಾಗ ಅದಾನ, ಯವ್ವಾ."

ಬೋರವ್ವ ಅಳಲಿಲ್ಲ. "ಜೀವಂತ ಅದಾನಲ್ಲ," ಎಂದಳು. ಆಮೇಲೆ ಕೇಳಿದಳು: "ಯುದ್ಧ ಮುಗದೈತಿ ಅಂತಾರ. ಮತ್ತ ಯಾಕ ಬಿಡವಲ್ಲರು? ನೀ ಬರದ ಅರ್ಜಿಗಿ ಸರಕಾರ ನಡಗತೈತಂತ. ನನ್ನ ಮಗನ್ನ ಬಿಡಸೂ ಹಂಗ ಒಂದ ಬರದ ಕೊಡು."

ಆ ಮಾತು ಲಾಡಲೇಸಾಬನ ತಲೆಗೆ ಏರಿತು. ಸಮಿತಿಯ ಮೂವರೂ ಸೇರಿ ಮೂರು ದಿನ ಕೂತರು. ಮಾಸ್ತರರಿಗೆ ಒಬ್ಬ ಅಮೋಘಿಯ ಬಿಡುಗಡೆ ತೀರ ಸಣ್ಣದಾಗಿ ಕಂಡಿತು. ಯುದ್ಧವೆಂಬುದೇ ನಿಲ್ಲಬೇಕು, ಶಸ್ತ್ರಗಳನ್ನೆಲ್ಲ ಸಮುದ್ರಕ್ಕೆ ಹಾಕಬೇಕು, ಜಗತ್ತಿನ ಎಲ್ಲ ಸೆರೆಯಾಳುಗಳೂ ಮನೆಗೆ ಹೋಗಬೇಕು ಎಂದು ಅವರು ಹೇಳುತ್ತ ಹೋದರು, ಲಾಡಲೇಸಾಬ ಬರೆಯುತ್ತ ಹೋದ. ಒಂಬತ್ತು ಪುಟವಾಯಿತು. ಅಮೋಘಿ ಏಳನೆಯ ಪುಟದಲ್ಲಿ ಒಂದು ಕಡೆ ಬಂದು ಹೋದ. ಕೆಳಗೆ ಹದಿನೇಳು ಪ್ರತಿಗಳು: ರಾಷ್ಟ್ರಪತಿಯಿಂದ ಹಿಡಿದು ತಾಲೂಕು ಬೋರ್ಡಿನ ಅಧ್ಯಕ್ಷರವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಜೀವಮಾನದಲ್ಲೇ ಅಂಥ ಅರ್ಜಿ ಬರೆದಿರಲಿಲ್ಲ ಲಾಡಲೇಸಾಬ. ಮನೆಗೆ ಬಂದು ಹೆಂಡತಿ ಹಾಜಿರಾಬಿಗೆ ಪೂರ್ತಿ ಓದಿ ಹೇಳಿದ.

ಹಾಜಿರಾಬಿ ಬಬಲೇಶ್ವರದವಳು. ಗಂಡನ ಜೊತೆ ಮನೆಯಲ್ಲಿ ಉರ್ದು, ಸಿಟ್ಟು ಬಂದಾಗ ಕನ್ನಡ. ಅವತ್ತು ಕನ್ನಡದಲ್ಲೇ ಕೇಳಿದಳು.

"ಇದನ್ನ ಓದಿದಾಂವ ಏನ್ ಮಾಡಬೇಕ್ರಿ?"

"ಅಂದ್ರ?"

"ಕೈಯಾಗ ತಗೊಂಡಾನ, ಓದ್ಯಾನ. ಮುಂದ? ಎದ್ದು ಎಲ್ಲಿ ಹೋಗಬೇಕು, ಯಾರಿಗಿ ಏನ್ ಹೇಳಬೇಕು?"

"ಅದ ಅವನಿಗಿ ತಿಳೀತೈತಿ," ಎಂದ ಲಾಡಲೇಸಾಬ, ಸ್ವಲ್ಪ ಕಸಿವಿಸಿಯಿಂದ. ಹೆಂಗಸರಿಗೆ ಕಾಗದಪತ್ರದ ವ್ಯವಹಾರ ತಿಳಿಯುವುದಿಲ್ಲವೆಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಎಂಟು ಮಕ್ಕಳ ಸಂಸಾರವನ್ನು ಹಾಜಿರಾಬಿ ಯಾವ ಅರ್ಜಿಯೂ ಇಲ್ಲದೆ ನಡೆಸಿಕೊಂಡು ಬಂದದ್ದು ಆ ಹೊತ್ತಿಗೆ ಅವನಿಗೆ ನೆನಪಾಗಲಿಲ್ಲ.

ಸಹಿ ಮಾಡಿಸುವುದು ಬಹಳ ಸುಲಭವಾಯಿತು. ತಿಕೋಟಾದ ಸಂತೆಯಲ್ಲಿ ಎರಡು ವಾರ ನಿಂತರು, ನಿಡೋಣಿಗೆ ಹೋಗಿ ಬಂದರು. ಎಂಟುನೂರು ಸಹಿ, ಹೆಬ್ಬೆಟ್ಟು. ಶಾಂತಿ ಬೇಕೇ ಎಂದರೆ ಯಾರು ಬೇಡವೆನ್ನುತ್ತಾರೆ? ಒತ್ತಿ, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ, ಜನ ಬದನೆಕಾಯಿ ಕೊಳ್ಳಲು ಹೋದರು. ಅಷ್ಟರಲ್ಲಿ ವಿಧಾನಸಭೆಯ ಚುನಾವಣೆಯೂ ಬಂತು. ಓಟು ಕೇಳಲು ಬಂದ ಪ್ರತಿಯೊಬ್ಬ ಉಮೇದುವಾರನ ಕೈಗೂ ಲಾಡಲೇಸಾಬ ಒಂದೊಂದು ಪ್ರತಿ ಕೊಟ್ಟ. ಎಲ್ಲರೂ ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಒಬ್ಬನಾದರೂ "ಇದು ನನ್ನಿಂದಾಗದು" ಎಂದಿದ್ದರೆ ಲಾಡಲೇಸಾಬನಿಗೆ ಅನುಮಾನ ಬರುತ್ತಿತ್ತೋ ಏನೋ. ಹಣೆಗೆ ಒತ್ತಿಕೊಂಡವರು ಮರುಗಳಿಗೆಯಲ್ಲೇ ಮೈಕು ಹಿಡಿದು ಯುದ್ಧ ಗೆದ್ದ ಕತೆ ಹೇಳುತ್ತಿದ್ದರು, ಸಹಿ ಮಾಡಿದ ಜನವೇ ಚಪ್ಪಾಳೆ ಹೊಡೆಯುತ್ತಿತ್ತು.

ಫೌಜದಾರನೊಬ್ಬ ಮಾತ್ರ ಅರ್ಜಿಯನ್ನು ಮನಸ್ಸಿಟ್ಟು ಓದಿದ. ಲಾಡಲೇಸಾಬನನ್ನು ಠಾಣೆಗೆ ಕರೆಸಿ ಎರಡು ತಾಸು ಕೂಡಿಸಿದ.

"ಆ ಕಡೆ ನಿಮ್ಮ ಮಂದಿ ಯಾರರ ಅದಾರೇನು?"

"ನಮ್ಮ ಮಂದಿ ಸೊಲ್ಲಾಪುರ ದಾಟಿ ಹೋದಾಂವ ಒಬ್ಬಂವನೂ ಇಲ್ಲರಿ ಸಾಹೇಬ್ರ."

"ಮತ್ತ ನಿಮಗ್ಯಾಕ ಈ ಉಸಾಬರಿ?"

ಲಾಡಲೇಸಾಬ ಏನೋ ಹೇಳಿ ಬಂದ. ಮಾಸ್ತರರೂ ಅದೇ ಅರ್ಜಿಗೆ ಸಹಿ ಹಾಕಿದ್ದರು, ಅವರನ್ನು ಯಾರೂ ಕರೆಸಿರಲಿಲ್ಲ. ಅದರಿಂದ ಅವನಿಗೆ ನೋವಾಯಿತು, ಬಹಳ ನೋವಾಯಿತು. ಹೆಂಡತಿಯ ಮುಂದೆಯೂ ಬಾಯಿ ಬಿಡಲಿಲ್ಲ.

ಏಪ್ರಿಲ್ ತಿಂಗಳಲ್ಲಿ ತಿಕೋಟಾದ ಕಂದಾಯದ ಲೆಕ್ಕ ಬರೆಯುವ ತಲಾಠಿ ದೊಡ್ಡ ಲಕೋಟೆ ಹಿಡಿದುಕೊಂಡು ಲಾಡಲೇಸಾಬನ ಮನೆಗೇ ಬಂದ. ಅವತ್ತು ಬೋರವ್ವನೂ ಅಲ್ಲಿದ್ದಳು. ಸುದ್ದಿ ಬಂತೇ ಎಂದು ವಾರಕ್ಕೊಮ್ಮೆ ನಡೆದು ಬಂದು ಕೇಳಿ ಹೋಗುವುದು ಅವಳ ಪದ್ಧತಿಯಾಗಿತ್ತು. ತಲಾಠಿ ಲಕೋಟೆಯಿಂದ ಕಾಗದ ತೆಗೆದ. ಲಾಡಲೇಸಾಬನದೇ ಒಂಬತ್ತು ಪುಟ, ಹಿಂದೆ ಸಹಿಯ ಹಾಳೆಗಳು, ಮೇಲೆ ಕಚೇರಿಗಳು ಒತ್ತಿದ ಏಳು ಶಿಕ್ಕೆ. ದಿಲ್ಲಿಯವರು ಬೆಂಗಳೂರಿಗೆ ಕಳಿಸಿದ್ದರು, ಬೆಂಗಳೂರಿನವರು ಕಲೆಕ್ಟರನಿಗೆ, ಕಲೆಕ್ಟರ ಪ್ರಾಂತ ಸಾಹೇಬನಿಗೆ, ಪ್ರಾಂತ ಸಾಹೇಬ ಮಾಮಲೇದಾರನಿಗೆ. ಮಾಮಲೇದಾರ "ಸ್ಥಾನಿಕ ಚೌಕಶಿ ಮಾಡಿ ವರದಿ ಸಲ್ಲಿಸುವುದು" ಎಂದು ಬರೆದು ತಲಾಠಿಗೆ ಕೊಟ್ಟಿದ್ದ. ಇನ್ನು ಅದಕ್ಕಿಂತ ಕೆಳಗೆ ಹೋಗಲು ಸರಕಾರದಲ್ಲಿ ಮೆಟ್ಟಿಲೇ ಇರಲಿಲ್ಲ.

"ಏನಂತ ಬರೀಲ್ರಿ ಮುನಶಿಯವ್ರ?" ತಲಾಠಿ ನಿಜವಾಗಿಯೂ ಗೊಂದಲಕ್ಕೆ ಬಿದ್ದಿದ್ದ. "ಜಗತ್ತಿನ್ಯಾಗ ಯುದ್ಧ ನಿಂದ್ರಸಾಕ ತಿಕೋಟಾ ಗ್ರಾಮದ ತಕರಾರ ಏನೂ ಇಲ್ಲಾ ಅಂತ ಬರೀಲೇನು?"

ಬೇರೆ ದಿನವಾಗಿದ್ದರೆ ಲಾಡಲೇಸಾಬನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬದುವಿನ ಜಗಳದಲ್ಲಿ ತಪ್ಪು ಮಾಡಿದವನು ಕೆಳಗಿರುತ್ತಿದ್ದ, ಅವನನ್ನು ಹೆದರಿಸುವವರು ಮೇಲಿರುತ್ತಿದ್ದರು. ಅದಕ್ಕೇ ಪ್ರತಿಗಳು ನಡೆಯುತ್ತಿದ್ದವು. ಇಲ್ಲಿ ಎಲ್ಲಕ್ಕಿಂತ ಮೇಲಿನವನಿಗೇ ಬರೆದಾಗಿತ್ತು, ಅವನನ್ನು ಹೆದರಿಸುವವರು ಯಾರು? ಹದಿನೇಳು ಮಂದಿಯಲ್ಲಿ ಪ್ರತಿಯೊಬ್ಬನೂ ಉಳಿದ ಹದಿನಾರು ಮಂದಿ ನೋಡಿಕೊಳ್ಳುತ್ತಾರೆಂದು ಕೈ ತೊಳೆದುಕೊಂಡಿದ್ದ. ಇಪ್ಪತ್ತಾರು ವರ್ಷದ ವಿದ್ಯೆ ಹೀಗೆ ಕೈಕೊಟ್ಟಿತ್ತು.

ಬೋರವ್ವ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಎಂಟುನೂರು ಸಹಿ, ಹೆಬ್ಬೆಟ್ಟು, ಎಲ್ಲವೂ ಒಂದೇ ಬಣ್ಣ.

"ಇದರಾಗ ನಂದು ಯಾವುದು ಯಣ್ಣಾ?"

ಲಾಡಲೇಸಾಬ ಹುಡುಕಿದ. ತಲಾಠಿಯೂ ಹುಡುಕಿದ. ಸಿಗಲಿಲ್ಲ.

"ಬಿಡ್ರಿ," ಎಂದಳು ಬೋರವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಲಾಡಲೇಸಾಬನಿಗೆ ಹೆಚ್ಚು ಚುಚ್ಚಿತು. "ಇಷ್ಟ ಮಂದ್ಯಾಗ ನಾ ಕಳದೇನಿ ಅಂದ್ಮ್ಯಾಲ ನನ್ನ ಮಗಾ ಹ್ಯಾಂಗ ಸಿಗಬೇಕು?"

ತಲಾಠಿ ಹೋದ ಮೇಲೆ ಹಾಜಿರಾಬಿ ಇಬ್ಬರಿಗೂ ಚಹಾ ಕೊಟ್ಟು ತಾನೂ ಹೊಸ್ತಿಲ ಬಳಿ ಕೂತಳು. ದಿಲ್ಲಿಯವರ ಮಾತು ಬಿಡಿ, ದಿಲ್ಲಿಯವರ ಕಿವಿಗೆ ಮಾತು ಮುಟ್ಟಿಸುವವರು ನಮ್ಮ ಸುತ್ತಮುತ್ತ ಯಾರಿದ್ದಾರೆ ಎಂದು ಅವಳೇ ಕೇಳಿದಳು. ಉತ್ತರವನ್ನೂ ಅವಳೇ ಕೊಟ್ಟಳು, ತವರುಮನೆಯ ಊರಿನ ವಿಷಯ ಅವಳಿಗೆ ಗೊತ್ತಿಲ್ಲವೇ? ಬಬಲೇಶ್ವರದ ಗುರಣ್ಣಗೌಡ. ಅವನು ಚುನಾವಣೆಗೆ ನಿಂತವನಲ್ಲ, ನಿಂತವರನ್ನು ಗೆಲ್ಲಿಸುವವನು. ಮೂವತ್ತು ಹಳ್ಳಿಯ ಓಟು ಅವನ ಬೆರಳ ತುದಿಯಲ್ಲಿ. ದಿಲ್ಲಿಯ ಲೋಕಸಭೆಯ ಮೆಂಬರರು ಈ ಕಡೆ ಬಂದರೆ ಊಟ ಅವನ ಮನೆಯಲ್ಲೇ.

"ಗೌಡ?" ಬೋರವ್ವ ಬಟ್ಟಲು ಕೆಳಗಿಟ್ಟಳು. "ಮನ್ನಿ ನನಗ ಹೇಳಿ ಕಳಿಸ್ಯಾನ. ದ್ರಾಕ್ಷಿ ಹಚ್ಚಾಂವ ಅದಾನಂತ ಈ ಮಳಿಗಾಲಕ್ಕ. ಹತ್ತ ಎಕರೆದಾಗ ನಮ್ಮ ಕುರಿ ನಿಂದ್ರಸಬೇಕಂತ."

ಜೋಳದ ರಾಶಿ ಮುಗಿದು ಹೊಲ ಖಾಲಿಯಾದಾಗ ಕುರಿಗಾರರು ಹಿಂಡನ್ನು ರೈತರ ಹೊಲದಲ್ಲಿ ತಂಗಿಸುವುದು ಆ ಸೀಮೆಯ ಪದ್ಧತಿ. ಸಾವಿರ ಕುರಿ ನಾಲ್ಕೈದು ದಿನ ಮಲಗಿ ಎದ್ದರೆ ಆ ನೆಲಕ್ಕೆ ಎರಡು ಮೂರು ವರ್ಷ ಬೇರೆ ಗೊಬ್ಬರ ಬೇಡ. ರೈತ ಜೋಳ ಕೊಡುತ್ತಾನೆ, ಕುರಿಗಾರ ಮುಂದಿನ ಹೊಲಕ್ಕೆ ಹೋಗುತ್ತಾನೆ. ಗೌಡನೇ ಆಗಲಿ, ಅವನಪ್ಪನೇ ಆಗಲಿ, ಕುರಿಗಾರ ತಾನಾಗಿ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಕುರಿಗಳಿಗೆ ಜುಲುಮೆ ಮಾಡಿ ಹಿಕ್ಕೆ ಹಾಕಿಸಲು ಯಾವ ಸರಕಾರಕ್ಕೂ ಆಗುವುದಿಲ್ಲ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಜಿರಾಬಿಯ ತುಟಿಯಲ್ಲಿ ನಗು ಕಾಣಿಸಿತು.

ಅವತ್ತು ಲಾಡಲೇಸಾಬ ಬರೆದದ್ದು ನಾಲ್ಕೇ ಸಾಲು. ಪಾದಾರವಿಂದವನ್ನು ಹಾಜಿರಾಬಿ ಹೊಡೆಸಿಹಾಕಿದಳು, ವಿನಮ್ರತೆಯನ್ನು ಬೋರವ್ವ. "ನನ್ನ ಮಗ ಅಮೋಘಿ ಪಾಕಿಸ್ತಾನದಲ್ಲಿ ಸೆರೆಯಲ್ಲಿದ್ದಾನೆ. ಅವನನ್ನೂ ಅವನ ಜೊತೆಯವರನ್ನೂ ಯಾವಾಗ ಕರೆತರುತ್ತೀರಿ ಎಂದು ನಮ್ಮ ಮೆಂಬರರು ದಿಲ್ಲಿಯ ಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಅದಕ್ಕೆ ಮಂತ್ರಿ ಕೊಟ್ಟ ಉತ್ತರವನ್ನು ಕಾಗದದ ಮೇಲೆ ನನಗೆ ತಂದುಕೊಡಬೇಕು. ಇಂತಿ ಬೋರವ್ವ." ಪ್ರತಿಗಳಿಲ್ಲ. ಮೈಮೇಲಿನ ಅಂಗಿ ಕಳಚಿದಷ್ಟು ಸಂಕೋಚವಾಯಿತು ಲಾಡಲೇಸಾಬನಿಗೆ ಅದನ್ನು ನೋಡಿ.

ಬಬಲೇಶ್ವರದಲ್ಲಿ ಗುರಣ್ಣಗೌಡ ಪಡಸಾಲೆಯಲ್ಲಿ ಕೂತಿದ್ದ. ಕೆಟ್ಟವನಲ್ಲ. ಚೀಟಿ ಓದಿಸಿಕೊಂಡು, ಬೋರವ್ವನನ್ನು ಕೂಡಿಸಿ, ಇದ್ದದ್ದು ಇದ್ದ ಹಾಗೆ ಹೇಳಿದ. ಇಷ್ಟು ದಿನ ಯಾರೂ ಅಷ್ಟು ಪ್ರಾಮಾಣಿಕವಾಗಿ ಹೇಳಿರಲಿಲ್ಲ.

"ನೋಡ ಬೋರವ್ವ, ನಿನ್ನ ದುಃಖ ನನಗ ತಿಳೀತೈತಿ. ಆದ್ರ ನಿನ್ನಂಥಾ ತಾಯಂದಿರು ಈ ಜಿಲ್ಲಾದಾಗ ಎಷ್ಟ ಮಂದಿ ಅದೀರಿ? ಇಬ್ಬರೋ ಮೂವರೋ. ಗೆದ್ದೇವಂತ ಕುಣಿಯೋ ಮಂದಿ ಲಕ್ಷ ಲಕ್ಷ. ಮೆಂಬರು ಎದ್ದು ನಿಂತ ಹಿಂಗ ಕೇಳಿದ್ರ, ಗೆದ್ದ ಸರಕಾರದ ಮ್ಯಾಲ ಬೊಟ್ಟ ಮಾಡ್ದಾ ಅಂತಾರ. ಕೇಳದಿದ್ರ ಅವನದೇನೂ ಹೋಗೂದಿಲ್ಲ. ಏನೂ ಹೋಗದಾಗ ಯಾವ ರಾಜಕಾರಣಿ ಎದ್ದು ನಿಂದರ್ತಾನ?"

"ಅವಂದು ಹೋಗೂದಿಲ್ಲರಿ ಗೌಡ್ರ, ಖರೆ," ಎಂದಳು ಬೋರವ್ವ. "ನಿಮ್ಮದು ಹೋಗತೈತಿ. ಆ ಕಾಗದಾ ಬರೂ ತನಕಾ ನಿಮ್ಮ ಹೊಲಕ್ಕ ನಮ್ಮ ಕುರಿ ಬರೂದಿಲ್ಲ."

ಗೌಡ ಗಹಗಹಿಸಿ ನಕ್ಕ. "ನೀ ಬರದಿದ್ರ ಬ್ಯಾರೆ ಹಿಂಡ ಬರ್ತಾವ ಬಿಡ ಬೇ!"

ಬೇರೆ ಹಿಂಡು ಬರಲಿಲ್ಲ. ಅದಕ್ಕೆ ಮುಂಚಿನ ದಿನವೇ ಬೋರವ್ವ ಘೋಣಸಗಿಯಲ್ಲಿ ಐದು ಹಿಂಡಿನ ಹಿರಿಯರನ್ನು ಕೂಡಿಸಿ ತಮ್ಮ ದೇವರು ಅಮೋಘಸಿದ್ಧನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದಳು. ಆ ಅರಿಶಿನ ಮುಟ್ಟಿ ಆಡಿದ ಮಾತಿಗೆ ಕುರಿಗಾರರು ತಪ್ಪುವುದಿಲ್ಲ. ಯುದ್ಧ, ಶಾಂತಿ, ಜಗತ್ತು ಇವನ್ನೆಲ್ಲ ಅವರ ಮುಂದೆ ಅವಳು ಎತ್ತಲಿಲ್ಲ. ಎತ್ತಿದ್ದರೆ ಮೂರು ದಿನ ವಾದ ನಡೆಯುತ್ತಿತ್ತು, ಒಬ್ಬ ಪಾಕಿಸ್ತಾನಕ್ಕೆ ಇನ್ನೂ ನಾಲ್ಕು ಬಿಗಿಯಬೇಕಿತ್ತು ಎನ್ನುತ್ತಿದ್ದ, ಇನ್ನೊಬ್ಬ ಬೇಡವೆನ್ನುತ್ತಿದ್ದ. ಹುಡುಗ ಮನೆಗೆ ಬರಬೇಕೆಂಬುದರಲ್ಲಿ ಮಾತ್ರ ಐವರದೂ ಒಂದೇ ಮಾತು.

ಮೂರು ವಾರ ಕಳೆಯಿತು. ಗೌಡನ ಸುತ್ತಲಿನ ಹೊಲಗಳಲ್ಲೆಲ್ಲ ಕುರಿ ಮಲಗಿ ಎದ್ದು ಹೋದವು, ಅವನ ಹತ್ತು ಎಕರೆ ಮಾತ್ರ ಬೋಳಾಗಿ ಬಿದ್ದಿತ್ತು. ದಾರಿಯಲ್ಲಿ ಹೋಗುವವರು ನಿಂತು ಯಾಕೆಂದು ಕೇಳತೊಡಗಿದರು. ಕೇಳಿದವರಿಗೆಲ್ಲ ಹೇಳಬೇಕಾಯಿತು, ಹೇಳಿದಂತೆಲ್ಲ ಅಮೋಘಿಯ ಹೆಸರು ನಿಡೋಣಿ ದಾಟಿ ಕೃಷ್ಣೆಯ ದಂಡೆಯವರೆಗೆ ಹಬ್ಬಿತು. ಎಂಟುನೂರು ಹೆಬ್ಬೆಟ್ಟಿನಿಂದ ಆಗದ ಕೆಲಸವನ್ನು ಒಂದು ಖಾಲಿ ಹೊಲ ಮಾಡುತ್ತಿತ್ತು. ಕಡೆಗೆ ಮೇ ತಿಂಗಳ ನಡುವಿನಲ್ಲಿ ಗೌಡ ತಾನೇ ಬಿಜಾಪುರಕ್ಕೆ ಬಂದು ಮೆಂಬರರಿಗೆ ಟ್ರಂಕ್ ಕಾಲ್ ಹಚ್ಚಿದ. ಏನು ಮಾತಾಡಿದನೋ ಗೊತ್ತಿಲ್ಲ. ಎಂಟು ದಿನಕ್ಕೆ ದಿಲ್ಲಿಯಿಂದ ಒಂದು ಕಾಗದ ಬಂತು. ಪಶ್ಚಿಮ ಗಡಿಯ ಸೆರೆಯಾಳುಗಳ ವಿಷಯ ಮೆಂಬರರು ಕೇಳಿದ್ದಾರೆ, ಸಿಪಾಯಿ ಅಮೋಘಿಯ ಹೆಸರು ಯಾದಿಯಲ್ಲಿದೆ, ಮಾತುಕತೆಯಲ್ಲಿ ಅವರ ವಿಷಯವನ್ನು ಎತ್ತಲಾಗುವುದು ಎಂಬ ಮಂತ್ರಿಯ ಉತ್ತರ ಅದರಲ್ಲಿತ್ತು. ಕೆಳಗೆ ಒಬ್ಬ ಮನುಷ್ಯನ ನಿಜವಾದ ಸಹಿ ಇತ್ತು, ಮಸಿ ಒಣಗುವ ಮೊದಲೇ ಮಡಚಿದ್ದರಿಂದ ಸ್ವಲ್ಪ ಹರಡಿತ್ತು.

ಮರುದಿನವೇ ಕುರಿಗಳು ಬಬಲೇಶ್ವರದ ದಾರಿ ಹಿಡಿದವು. ಗೌಡನ ಮೇಲೆ ಯಾರೂ ಹಗೆ ಸಾಧಿಸಲಿಲ್ಲ.

ಲಾಡಲೇಸಾಬ ಆ ಕಾಗದವನ್ನು ಹತ್ತು ಸಲ ಓದಿದ. ಅವನಿಗೆ ಒಂದು ವಿಚಾರ ಹೊಳೆಯಿತು, ಹೊಳೆದ ಮೇಲೆ ಸುಮ್ಮನೆ ಕೂಡುವ ಜಾಯಮಾನ ಅವನದಲ್ಲ. ರೆಡ್ ಕ್ರಾಸಿನವರಿಗೆ ಬರೆದು, ಪತ್ರಿಕೆ ತಿರುವಿ, ಇಂಥವೇ ಒಂಬತ್ತು ಮನೆಗಳ ವಿಳಾಸ ಹುಡುಕಿದ. ಇಂಡಿ ತಾಲೂಕಿನ ಕಡೆ ಒಂದು, ಸೊಲ್ಲಾಪುರದಲ್ಲಿ ಎರಡು, ಸಾತಾರೆಯ ಕಡೆ ನಾಲ್ಕು, ಹೀಗೆ. ಪ್ರತಿಯೊಬ್ಬರಿಗೂ ಕನ್ನಡದಲ್ಲೋ ಮರಾಠಿಯಲ್ಲೋ ಒಂದೊಂದು ಪೋಸ್ಟ್ ಕಾರ್ಡು. ಬೋರವ್ವ ಮಾಡಿದ್ದನ್ನು ಹೇಳಿ, ಕೊನೆಗೆ ಒಂದೇ ಪ್ರಶ್ನೆ: ನಿಮ್ಮ ಮೆಂಬರರು ಯಾರ ಮಾತು ಕೇಳುತ್ತಾರೆ, ಆ ಮನುಷ್ಯನಿಗೆ ನಿಮ್ಮಿಂದ ಏನು ಬೇಕು?

ಮಾಸ್ತರರಿಗೆ ಇದು ಸೇರಲಿಲ್ಲ. "ಏನ್ರಿ ಲಾಡಲೇಸಾಬ್ರ, ವಿಶ್ವಶಾಂತಿಯಿಂದ ಕುರಿ ಹಿಕ್ಕಿಗಿ ಬಂದ್ರ್ಯಲ್ಲ!" ಎಂದು ನೊಂದುಕೊಂಡರು.

"ಶಾಂತಿ ಬ್ಯಾಡ ಅಂದಾಂವ ನಮಗ ಒಬ್ಬನೂ ಸಿಗಲಿಲ್ಲರಿ ಮಾಸ್ತರ್ರ," ಎಂದ ಲಾಡಲೇಸಾಬ. "ಯಾರೂ ಬ್ಯಾಡ ಅನ್ನದಿದ್ದದ್ದನ್ನ ಯಾರ ಕಡೆ ಕೇಳೂಣು?"

ಮಾಸ್ತರರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಒಂದು ಕಟ್ಟು ಪೋಸ್ಟ್ ಕಾರ್ಡು ಹಿಡಿದುಕೊಂಡು ಬೇವಿನ ಮರದ ಕೆಳಗೆ ಬಂದು, ಮರಾಠಿಯ ಕಾರ್ಡುಗಳಲ್ಲಿನ ತಪ್ಪು ತಿದ್ದತೊಡಗಿದರು. ಒಂಬತ್ತು ಕಾರ್ಡಿಗೆ ಆರು ಉತ್ತರ ಬಂದವು. ಸೊಲ್ಲಾಪುರದ ಒಬ್ಬ ತಾಯಿ ಮಿಲ್ಲಿನಲ್ಲಿ ಕೂಲಿಗಳ ಮೇಲಿರುವ ಮುಕಾದಮನನ್ನು ಹಿಡಿದಿದ್ದಳು. ಸಾತಾರೆಯವರು ನಾಲ್ಕು ಮನೆಯವರೂ ಕೂಡಿ ಒಬ್ಬ ಸಕ್ಕರೆ ಕಾರಖಾನೆಯ ಅಧ್ಯಕ್ಷನ ಅಂಗಳದಲ್ಲಿ ಕೂತಿದ್ದರು.

ಜುಲೈನಲ್ಲಿ ಶಿಮ್ಲಾದಲ್ಲಿ ಎರಡೂ ದೇಶದವರು ಕೂತು ಒಪ್ಪಂದ ಮಾಡಿಕೊಂಡರು. ಹುಡುಗರು ಬರಲಿಲ್ಲ. ಆ ವರ್ಷ ಮಳೆಯೂ ಬರಲಿಲ್ಲ. ಬೋರವ್ವ ಕುರಿಗಳ ಹಿಂದೆ ಕೃಷ್ಣೆಯ ದಂಡೆಗೆ ಹೋದಳು, ಅಲ್ಲಿಂದಲೂ ತಿಂಗಳಿಗೊಮ್ಮೆ ಬಂದು ಕೇಳಿ ಹೋಗುತ್ತಿದ್ದಳು. ಆರು ಮನೆಯವರೂ ತಂತಮ್ಮವರನ್ನು ಬಿಡದೆ ಕಾಡಿದರು, ಒಂದು ಕಾಗದ ಬಂದರೆ ಮುಂದಿನದು ಯಾವಾಗ ಎಂದು ಕೇಳಿದರು. ಡಿಸೆಂಬರಿನ ಮೊದಲ ವಾರದಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು: ಪಶ್ಚಿಮ ಗಡಿಯ ಸೆರೆಯಾಳುಗಳನ್ನು ಎರಡೂ ಕಡೆಯವರು ಬಿಟ್ಟಿದ್ದಾರೆ.

ಘೋಣಸಗಿಯ ಕುರಿಗಳಿಂದಲೇ ಇದಾಯಿತೆಂದು ಲಾಡಲೇಸಾಬ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಜನ ನಗುತ್ತಿದ್ದರು, ನಗಬೇಕಾದದ್ದೇ. ದೊಡ್ಡವರ ಲೆಕ್ಕಾಚಾರ ದೊಡ್ಡವರಿಗೇ ಗೊತ್ತು. ಆದರೆ ಆ ಲೆಕ್ಕಾಚಾರ ಮಾಡುವಾಗ ಯಾದಿಯಲ್ಲಿದ್ದ ಹೆಸರುಗಳನ್ನು ಮರೆಯದಂತೆ ಯಾರೋ ಒಬ್ಬರು ಪ್ರತಿ ತಿಂಗಳೂ ಅವರ ಬಾಗಿಲು ಬಡಿದರು, ಅಷ್ಟು ಖರೆ.

ಅಮೋಘಿ ಬಂದ ದಿನ ಲಾಡಲೇಸಾಬ ಹಾಜಿರಾಬಿಯನ್ನೂ ಕರೆದುಕೊಂಡು ಘೋಣಸಗಿಗೆ ಹೋದ. ಹುಡುಗ ಸೊರಗಿದ್ದ, ಮಾತು ಕಡಿಮೆ. ಬೋರವ್ವ ಅವನ ಬೆನ್ನ ಮೇಲೆ ಕೈಯಿಟ್ಟವಳು ಊಟ ಬಡಿಸುವಾಗಲೂ ತೆಗೆಯಲಿಲ್ಲ. ಲಾಡಲೇಸಾಬನಿಗೆ ಅಳು ಬಂತು, ಅತ್ತ. ನಾಚಿಕೊಳ್ಳಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಿತೆಂದೇ ಅವನು ತಿಳಿದ. ಆರು ಮನೆಯವರಿಂದಲೂ ಸಂತೋಷದ ಕಾಗದ ಬಂದವು, ಆಮೇಲೆ ಕಾಗದ ನಿಂತವು. ಕಾಸಿಮಸಾಬ ಮಾಳಿಗೆಯಲ್ಲಿ ಹಳೆಯ ಟೈರು ತುಂಬಿದ. ಯಾರನ್ನೂ ತಪ್ಪೆನ್ನಲು ಬರುವುದಿಲ್ಲ, ತಮ್ಮ ಮಗ ಮನೆಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳುವುದು ಮನುಷ್ಯನ ಸಹಜ ಗುಣ.

ಜನವರಿಯ ಒಂದು ಬೆಳಿಗ್ಗೆ ಬೋರವ್ವ ಮತ್ತೆ ಮೇಜಿನ ಮುಂದೆ ಬಂದು ನಿಂತಳು.

"ಮತ್ತೊಂದ ಅರ್ಜಿ ಬರೀಬೇಕ ಯಣ್ಣಾ."

"ಈಗೇನ ಯವ್ವಾ? ಮಗಾ ಬಂದ್ನಲ್ಲ."

"ನನ್ನ ಮಗಾ ಬಂದ." ಅವಳು ಕೆಳಗೆ ಕೂತಳು. "ಅಲ್ಲಿ ಸೆರೆಯಾಗ ಅಡಗಿ ಮಾಡಾಂವ ಒಬ್ಬ ಮುದುಕ ಇದ್ದನಂತ. ಅವನ ಮಗಾ ನಮ್ಮ ದೇಶದಾಗ ಸಿಕ್ಕೊಂಡಾನಂತ, ಪೂರ್ವದ ಕಡೆ ಹಿಡದಾರಲ್ಲ, ಆ ಮಂದ್ಯಾಗ. ಅಮೋಘಿಗಿ ರೊಟ್ಟಿ ಕೊಡೂವಾಗೆಲ್ಲ ಆ ಮುದುಕ ಅಂತಿದ್ನಂತ, ನನ್ನ ಮಗಗೂ ಅಲ್ಲಿ ಯಾರರ ಹಿಂಗ ಕೊಡತಿರಬೇಕು ಅಂತ. ಅವ್ರನ್ನ ಇನ್ನೂ ಬಿಟ್ಟಿಲ್ಲಂತಲ್ಲ?"

ಬಿಟ್ಟಿರಲಿಲ್ಲ. ತೊಂಬತ್ತು ಸಾವಿರ ಮಂದಿ ಇನ್ನೂ ಇಲ್ಲಿಯ ಕ್ಯಾಂಪುಗಳಲ್ಲೇ ಇದ್ದರು. ಲಾಡಲೇಸಾಬ ಪೆನ್ನು ಕೆಳಗಿಟ್ಟ.

"ಬೋರವ್ವ, ನಿನ್ನ ಮಗನ ಸಲುವಾಗಿ ಬರದಾಗ ಊರೆಲ್ಲಾ ಹೌದಂತು. ಇದನ್ನ ನಾ ಬರದ್ರ ಏನಂತಾರ? ನನ್ನ ಹೆಸರ ನೋಡು."

"ನಿನ್ನ ಹೆಸರ್ಯಾಕ ಬರಿತಿ? ಅರ್ಜಿ ನಂದು. ನಿಂದ ಬರೇ ಕೈ."

ಅವಳಿಗೆ ಅವನ ಹೆದರಿಕೆ ತಿಳಿದಿತ್ತು. ಠಾಣೆಯ ಸಂಗತಿ ಅವನು ಯಾರಿಗೂ ಹೇಳಿರಲಿಲ್ಲ, ಆದರೂ ತಿಳಿದಿತ್ತು. ಲಾಡಲೇಸಾಬ "ಒಬ್ಬಾಕಿ ಹೆಬ್ಬೆಟ್ಟಿಗಿ ಯಾರ ಕೇಳ್ತಾರ ಯವ್ವಾ?" ಎಂದ.

ಬೋರವ್ವ ತಿರುಗಿ ಕಚೇರಿಯ ಗೇಟಿನ ಕಡೆಗೆ ಕೈ ಮಾಡಿದಳು. ಅಲ್ಲಿ ಗೋಡೆಯ ನೆರಳಿನಲ್ಲಿ ಕೂತಿದ್ದ ಹೆಂಗಸರು ಎದ್ದು ಬಂದರು. ಘೋಣಸಗಿಯ ಕುರಿಗಾರರ ಮನೆಯವರು ಐವರು, ನಿಡೋಣಿಯ ಭೀಮಾಬಾಯಿ, ತಿಕೋಟಾದ ಪೀರಾಂಬಿ. ಒಟ್ಟು ಏಳು ಮಂದಿ.

"ಇವ್ರ ಮಕ್ಕಳೂ ದಂಡಿನ್ಯಾಗ ಅದಾರೇನು?" ಎಂದು ಕೇಳಿದ ಲಾಡಲೇಸಾಬ.

"ಇಲ್ಲ. ಒಬ್ಬರವರೂ ಇಲ್ಲ. ಕೆಲಸಾ ಬಿಟ್ಟ ಬಸ್ಸ ಹತ್ತಿ ಬಂದಾರ."

ಲಾಡಲೇಸಾಬ ಏಳು ಮುಖಗಳನ್ನೂ ಒಂದೊಂದಾಗಿ ನೋಡಿದ. ಆಮೇಲೆ ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲೆ ಹರಡಿ, ಮಸಿಯ ಡಬ್ಬಿಯ ಮುಚ್ಚಳ ತಿರುವಿದ.

"ಮೊದಲ ಯಾರ ಬರ್ತೀರಿ?"

ಏಳು ಮಂದಿಯೂ ಒಟ್ಟಿಗೆ ಮುಂದೆ ಬಂದರು.